ಪಂಪಿನ ಮನೆಯ ಗಣಕಯಂತ್ರ ತಡವಾಗಿ ಚಾಲೂ ಆದರೆ

(ಗಟ ಮಟ್ಟದ ಸಭಾಸದರ ಮೇಳಾವದಲ್ಲಿ, ಹನಿ ನೀರಾವರಿಯ ಯಂತ್ರೋಪಕರಣಗಳ ವಿಷಯವಾಗಿ ಮಾಡಿದ ಭಾಷಣ)



ಬೀಜದ ಕಬ್ಬು, ಗೊಬ್ಬರ, ಕುಳೆಯ ಆರೈಕೆ ಇವುಗಳ ಬಗ್ಗೆ ತಾವು ಈಗಾಗಲೇ ಕೇಳಿದ್ದೀರಿ. ನನಗೆ ವಹಿಸಿದ ವಿಷಯ ಅಂಗೈ ಅಗಲದ್ದು. ಹನಿ ನೀರಾವರಿಯ ವಾಲ್ವುಗಳು ವೇಳೆಗೆ ಸರಿಯಾಗಿ ತಾವಾಗಿಯೇ ತೆರೆದು ಮುಚ್ಚಲೆಂದು ಕೆಲವು ಸಭಾಸದರು ಪಂಪಿನ ಮನೆಯಲ್ಲಿ ಒಂದೇ ಹಲಗೆಯ ಸಣ್ಣ ಗಣಕಯಂತ್ರ ಕೂಡಿಸಿದ್ದಾರೆ. ಕಾಲೇಜು ಕಲಿತ ಮನೆಯ ಹುಡುಗರು ಆಸ್ಥೆಯಿಂದ ಮಾಡಿದ ಕೆಲಸ ಇದು. ಆದರೆ, "ಕರೆಂಟು ಬಂದು ಮೂರು ನಿಮಿಷವಾದರೂ ಯಂತ್ರ ಎಚ್ಚರಾಗುವುದಿಲ್ಲ, ಹೊಸದು ಕೊಳ್ಳೋಣವೇ?" ಎಂಬ ಪ್ರಶ್ನೆ ಅವರಲ್ಲಿ ಹಲವರಿಗೆ ಬರುತ್ತದೆ. ಹೊಸದು ಕೊಳ್ಳುವ ಮೊದಲು ಏನೇನು ತಪಾಸಣೆ ಮಾಡಬೇಕು ಎಂಬುದನ್ನು ತಮ್ಮ ಮುಂದೆ ಇಡುತ್ತೇನೆ.

ತಡವಾದರೆ ನಷ್ಟವೇನು?

ಮನೆಯ ಟಿ.ವಿ. ಮೂರು ನಿಮಿಷ ತಡವಾಗಿ ಹತ್ತಿದರೆ ಯಾರಿಗೂ ನಷ್ಟವಿಲ್ಲ. ಪಂಪಿನ ಮನೆಯ ಮಾತು ಬೇರೆ. ನಮ್ಮ ಭೀಮಾ, ಸೀನಾ ದಂಡೆಯ ಹೊಲಗಳಲ್ಲಿ ಅನೇಕ ಕಡೆ ಕರೆಂಟು ಇನ್ನೂ ಪಾಳಿಯ ಮೇಲೆ ಬರುತ್ತದೆ. ಪಾಳಿ ರಾತ್ರಿಯದಾಗಿದ್ದರೆ ಹೊಲದಲ್ಲಿ ನೋಡುವವರು ಯಾರೂ ಇರುವುದಿಲ್ಲ. ಕರೆಂಟು ಬಂದ ಕೂಡಲೇ ಆಟೋ ಸ್ವಿಚ್ಚು ಮೋಟಾರನ್ನು ಚಾಲೂ ಮಾಡುತ್ತದೆ. ವಾಲ್ವು ತೆರೆಯಬೇಕಾದ ಗಣಕಯಂತ್ರ ಮಾತ್ರ ಇನ್ನೂ ಕಣ್ಣು ಉಜ್ಜಿಕೊಳ್ಳುತ್ತಿರುತ್ತದೆ. ಕರೆಂಟಿಲ್ಲದಾಗ ಮುಚ್ಚಿಯೇ ಇರುವ ಜಾತಿಯ ವಾಲ್ವುಗಳಾದರೆ ನೀರಿಗೆ ಹೋಗಲು ದಾರಿಯಿಲ್ಲ. ಪಂಪು ಮುಚ್ಚಿದ ಪೈಪಿನ ಮೇಲೆ ಒತ್ತಡ ಹಾಕುತ್ತ ನಿಲ್ಲುತ್ತದೆ. ಜೋಡು ಬಿಚ್ಚಿಕೊಳ್ಳುತ್ತದೆ, ಫಿಲ್ಟರಿನ ಮುಚ್ಚಳ ಸೋರುತ್ತದೆ, ಪಂಪಿನೊಳಗಿನ ನೀರು ಬಿಸಿಯಾಗುತ್ತದೆ. ಬೆಳಿಗ್ಗೆ ಹೋಗಿ ನೋಡಿದರೆ ಒಂದು ಕಡೆ ಕೆಸರು, ಇನ್ನೊಂದು ಕಡೆ ಒಣ ಸಾಲು.

ಆದುದರಿಂದ ಮೊದಲನೆಯ ಸೂಚನೆ ಗಣಕದ್ದಲ್ಲ, ಸ್ಟಾರ್ಟರಿನದು. ಆಟೋ ಸ್ವಿಚ್ಚಿನ ತಡೆಗಾಲವನ್ನು ಗಣಕಯಂತ್ರ ಚಾಲೂ ಆಗುವ ವೇಳೆಗಿಂತ ಹೆಚ್ಚಿಗೆ ಇಡಿಸಿರಿ. ಇದಕ್ಕಿಂತಲೂ ಒಳ್ಳೆಯ ವ್ಯವಸ್ಥೆಯೆಂದರೆ, ವಾಲ್ವು ತೆರೆದ ಮೇಲೆ ಗಣಕವೇ ರಿಲೇ ಮೂಲಕ ಮೋಟಾರಿಗೆ ಅಪ್ಪಣೆ ಕೊಡುವುದು. ಮುಖ್ಯ ಪೈಪಿನ ಮೇಲೆ ಒತ್ತಡ ಬಿಡುವ ವಾಲ್ವು ಇರಲೇಬೇಕು. ಇವು ಮೂರೂ ನಿಶ್ಚಿಂತೆಯಾದ ಮೇಲೆ ಗಣಕದ ನಿಧಾನಕ್ಕೆ ಕೈ ಹಾಕೋಣ.

ಯಂತ್ರದ ಪರಿಚಯ

ಈ ಹಲಗೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ರಾಸ್ಪ್‌ಬೆರಿ ಪೈ. ಶಾಲೆಯ ಮಕ್ಕಳಿಗೆ ಗಣಕವಿದ್ಯೆ ಕಲಿಸಲೆಂದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ರೂಪುಗೊಂಡು 2012ರ ಫೆಬ್ರುವರಿ 29ರಂದು ಇದು ಮಾರಾಟಕ್ಕೆ ಬಂದಿತು. ಇದರಲ್ಲಿ ನಡೆಯುವ ಕಾರ್ಯವ್ಯವಸ್ಥೆಗೆ ಲಿನಕ್ಸ್ ಎಂದು ಹೆಸರು; ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಇದನ್ನು ಆರಂಭಿಸಿದರು. ಈ ಹಲಗೆಯಲ್ಲಿ ದೊಡ್ಡ ಗಣಕದಂತೆ ಡಿಸ್ಕು ಇರುವುದಿಲ್ಲ. ಉಗುರಿನಷ್ಟು ಮೆಮರಿ ಕಾರ್ಡಿನಲ್ಲಿ ಎಲ್ಲವೂ ಇರುತ್ತದೆ. ಗುಂಡಿ ಒತ್ತಿ ಕ್ರಮವಾಗಿ ಆರಿಸುವ ಪದ್ಧತಿ ಪಂಪಿನ ಮನೆಯಲ್ಲಿಲ್ಲ. ಕರೆಂಟು ಹೋದರೆ ಆರಿತು, ಬಂದರೆ ಹತ್ತಿತು. ಇದರ ಬಹುಪಾಲು ರೋಗಗಳು ಈ ಎರಡು ಸಂಗತಿಗಳಿಂದಲೇ ಹುಟ್ಟುತ್ತವೆ.

ಯಂತ್ರ ಚಾಲೂ ಆಗುವುದೆಂದರೆ ಒಂದೇ ಕೆಲಸವಲ್ಲ. ನಮ್ಮ ಗಾಳಪ ಹಂಗಾಮನ್ನೇ ನೆನೆಯಿರಿ. ಮೊದಲು ಬಾಯ್ಲರಿನ ಅಗ್ನಿಪ್ರದೀಪನ. ಉಗಿ ಏರಿದ ಮೇಲೆ ಟರ್ಬೈನು. ಆಮೇಲೆ ಮೋಳಿ ಹಾಕುವ ಸಮಾರಂಭ, ಗಿರಣಿಯ ಸುತ್ತು, ರಸ ಕಾಯಿಸುವುದು, ಕಟ್ಟಕಡೆಗೆ ಸಕ್ಕರೆಯ ಚೀಲ. ಹಲಗೆಯಲ್ಲಿಯೂ ಇಂತಹ ಮೂರು ಘಟ್ಟಗಳಿವೆ. ಹಲಗೆಯೊಳಗಿನ ಮೂಲ ತಂತ್ರಾಂಶ ಎದ್ದು ಕಾರ್ಡನ್ನು ಹುಡುಕುವುದು ಒಂದು. ಕರ್ನೆಲ್ ಎಂಬ ಲಿನಕ್ಸಿನ ತಿರುಳು ಏಳುವುದು ಎರಡು. ಸಿಸ್ಟಮ್‌ಡಿ ಎಂಬ ಮುಕಾದಮ ಒಂದೊಂದೇ ಸೇವೆಯನ್ನು ಕೆಲಸಕ್ಕೆ ಹಚ್ಚುವುದು ಮೂರು. ತಡ ಯಾವ ಘಟ್ಟದಲ್ಲಿ ಎಂದು ತಿಳಿಯದೆ ದುರುಸ್ತಿ ಮಾಡಹೊರಟರೆ ಹಣವೂ ಹೋದೀತು, ರೋಗವೂ ಉಳಿದೀತು.

ಮೊದಲು ಗಡಿಯಾರ ಹಿಡಿಯಿರಿ

ಒಂದು ವಹಿ, ಒಂದು ಗಡಿಯಾರ ತೆಗೆದುಕೊಳ್ಳಿರಿ. ಕರೆಂಟು ಕೊಟ್ಟ ಕ್ಷಣದಿಂದ ಮೊದಲ ವಾಲ್ವು ತೆರೆಯುವವರೆಗೆ ಎಷ್ಟು ಸೆಕೆಂಡು ಎಂಬುದನ್ನು ಮೂರು ಸಲ ಬರೆಯಿರಿ. "ಬಹಳ ತಡ" ಎಂಬುದು ಲೆಕ್ಕವಲ್ಲ. ಕಾಟಾದ ಮೇಲೆ ಕಬ್ಬಿನ ತೂಕ ಬರೆಯುವಂತೆ ಅಂಕಿ ಇರಬೇಕು.

ಆ ಮೇಲೆ ಯಂತ್ರವನ್ನೇ ಕೇಳಿರಿ. ನಾನು ಹೇಳುವ ಆಜ್ಞೆಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಅಚ್ಚು ಮಾಡಲಾಗಿದೆ. ಬೆರಳಚ್ಚಿಸುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಬೇಕು. ಈ ಕೆಲಸ ಬಲ್ಲ ಹುಡುಗರಿಗೆ ಅವು ಗೊತ್ತಾಗುತ್ತವೆ. ಮೊದಲನೆಯ ಆಜ್ಞೆ ಸಿಸ್ಟಮ್‌ಡಿ-ಅನಲೈಜ್. ಕರ್ನೆಲ್ ಇಷ್ಟು ಸೆಕೆಂಡು, ಸೇವೆಗಳು ಇಷ್ಟು ಸೆಕೆಂಡು, ಒಟ್ಟು ಇಷ್ಟು ಎಂದು ಅದು ಹೇಳುತ್ತದೆ. ಚಾಲೂ ಆಗುವ ಕೆಲಸ ಇನ್ನೂ ಮುಗಿದಿಲ್ಲ ಎಂಬ ಉತ್ತರ ಬಂದರೆ ಸ್ವಲ್ಪ ಕಾದು ಮತ್ತೆ ಕೇಳಬೇಕು.

ಒಂದು ಲೆಕ್ಕ ಹಾಕೋಣ. ತಮ್ಮ ಗಡಿಯಾರ 150 ಸೆಕೆಂಡು ತೋರಿಸಿತು ಎನ್ನಿರಿ. ಯಂತ್ರ ಹೇಳಿದ್ದು ಕರ್ನೆಲಿಗೆ 6, ಸೇವೆಗಳಿಗೆ 124, ಒಟ್ಟು 130. ಉಳಿದ 20 ಸೆಕೆಂಡು ಎಲ್ಲಿ ಹೋಯಿತು? ಈ ಹಲಗೆಯಲ್ಲಿ ಆ ಆಜ್ಞೆ ಮೊದಲನೆಯ ಘಟ್ಟವನ್ನು ಎಣಿಸುವುದಿಲ್ಲ. ಹಾಗಾಗಿ ಆ 20ರಲ್ಲಿ ಒಂದಿಷ್ಟು ಮೂಲ ತಂತ್ರಾಂಶದ್ದು, ಒಂದಿಷ್ಟು ಎಲ್ಲ ಸೇವೆ ಎದ್ದ ಮೇಲೆ ತಮ್ಮ ವಾಲ್ವಿನ ಕಾರ್ಯಕ್ರಮ ತಾನು ಸಿದ್ಧವಾಗಲು ತೆಗೆದುಕೊಂಡದ್ದು. ಮೊದಲನೆಯ ಘಟ್ಟವೇ ದೊಡ್ಡದೆಂದು ಕಂಡರೆ, ಯಂತ್ರ ಕಾರ್ಡಿಗಿಂತ ಮೊದಲು ನೆಟ್‌ವರ್ಕಿನಲ್ಲಿಯೋ ಪೆನ್ ಡ್ರೈವಿನಲ್ಲಿಯೋ ತನ್ನ ವ್ಯವಸ್ಥೆಯನ್ನು ಹುಡುಕುತ್ತಿರಬಹುದು. ಹುಡುಕುವ ಕ್ರಮದಲ್ಲಿ ಕಾರ್ಡನ್ನು ಮೊದಲಿಗೆ ತಂದರೆ ಸರಿಹೋಗುತ್ತದೆ. ನಮ್ಮ ಉದಾಹರಣೆಯಲ್ಲಿ ದೊಡ್ಡ ಪಾಲು ಸೇವೆಗಳದು. ಆದುದರಿಂದ ಅಲ್ಲಿಯೇ ಹುಡುಕಬೇಕು.

ದೂರಿನ ಪಟ್ಟಿ ಮತ್ತು ಸರಪಳಿ

ಅದೇ ಆಜ್ಞೆಯ ಮುಂದೆ ಬ್ಲೇಮ್ ಎಂದು ಸೇರಿಸಿದರೆ ಯಾವ ಸೇವೆ ಎಷ್ಟು ಹೊತ್ತು ತೆಗೆದುಕೊಂಡಿತು ಎಂಬ ಪಟ್ಟಿ ಬರುತ್ತದೆ; ಹೆಚ್ಚು ಹೊತ್ತಿನದು ಮೇಲೆ. ಹೆಸರೇ ಹೇಳುವಂತೆ ಇದು ದೂರಿನ ಪಟ್ಟಿ. ದೂರು ಬಂದವರೆಲ್ಲ ತಪ್ಪಿತಸ್ಥರಲ್ಲವಲ್ಲ!

ಒಬ್ಬ ಟ್ರ್ಯಾಕ್ಟರ್ ಚಾಲಕನ ಖೇಪಿಗೆ ಒಂಬತ್ತು ತಾಸು ಹಿಡಿಯಿತು ಎಂದು ಚಿಟ್ಟಿಯಲ್ಲಿದೆ ಎನ್ನಿರಿ. ಅವನು ಸೋಮಾರಿಯೇ? ದಾರಿಯಲ್ಲಿ ಹಿಡಿದದ್ದು ಎರಡೇ ತಾಸು. ಏಳು ತಾಸು ಯಾರ್ಡಿನಲ್ಲಿ ನಿಂತಿದ್ದ. ಏಕೆ ನಿಂತ? ಮುಂದಿನ ಗಾಡಿ ಖಾಲಿಯಾಗಿರಲಿಲ್ಲ. ಅದೇಕೆ ಖಾಲಿಯಾಗಲಿಲ್ಲ? ಕ್ಯಾರಿಯರ್ ನಿಂತಿತ್ತು. ತಪ್ಪು ಸಿಕ್ಕದ್ದು ಗಿರಣಿಯಲ್ಲಿ, ಚಾಲಕನಲ್ಲಿ ಅಲ್ಲ. ಲಿನಕ್ಸಿನ ಸೇವೆಗಳೂ ಹೀಗೆಯೇ. ಅನೇಕ ಸೇವೆಗಳು ಏಕಕಾಲಕ್ಕೆ ಏಳುತ್ತವೆ, ಒಂದು ಇನ್ನೊಂದಕ್ಕಾಗಿ ಕಾಯುತ್ತದೆ, ಕಾದ ಹೊತ್ತೂ ಅದರ ಲೆಕ್ಕಕ್ಕೇ ಬೀಳುತ್ತದೆ. ಆದುದರಿಂದ ಎರಡನೆಯ ಪಟ್ಟಿ ಬೇಕು. ಬ್ಲೇಮ್ ಬದಲು ಕ್ರಿಟಿಕಲ್-ಚೇನ್ ಎಂದು ಬರೆದರೆ ಯಾರು ಯಾರಿಗಾಗಿ ಕಾದರು ಎಂಬ ಸರಪಳಿ ಕಾಣುತ್ತದೆ. ಅದರಲ್ಲಿ ಅಟ್ ಚಿಹ್ನೆಯ ಮುಂದಿನ ಅಂಕಿ ಆ ಸೇವೆ ಎಷ್ಟನೆಯ ಸೆಕೆಂಡಿಗೆ ಆರಂಭವಾಯಿತು ಎಂಬುದು. ಕೂಡಿಸುವ ಚಿಹ್ನೆಯ ಮುಂದಿನ ಅಂಕಿ ಅದು ಸ್ವತಃ ತೆಗೆದುಕೊಂಡ ಹೊತ್ತು. ಎರಡೂ ಪಟ್ಟಿಗಳಲ್ಲಿ ದೊಡ್ಡದಾಗಿ ಕಾಣುವ ಹೆಸರನ್ನೇ ಮೊದಲು ವಿಚಾರಿಸಬೇಕು.

ಸಾಮಾನ್ಯವಾಗಿ ಸಿಗುವ ಕಾರಣಗಳು

ಒಂದು, ಇಲ್ಲದ ಪೆನ್ ಡ್ರೈವಿಗಾಗಿ ಕಾಯುವುದು. ನೀರಿನ ಲೆಕ್ಕ ಉಳಿಸಲು ಎಂದೋ ಪೆನ್ ಡ್ರೈವು ಜೋಡಿಸಿ, ಅದನ್ನು ಎಫ್‌ಎಸ್‌ಟ್ಯಾಬ್ ಎಂಬ ಕಡತದಲ್ಲಿ ನಮೂದಿಸಿರುತ್ತಾರೆ. ಮುಂದೆ ಡ್ರೈವು ಕಿತ್ತುಕೊಂಡರೂ ನಮೂದು ಉಳಿಯುತ್ತದೆ. ಯಂತ್ರ ಪ್ರತಿಸಲವೂ ಅದು ಬಂದೀತೆಂದು 90 ಸೆಕೆಂಡು ಬಾಗಿಲು ಕಾಯುತ್ತದೆ. ಕೆಲವೊಮ್ಮೆ ಅಲ್ಲಿಯೇ ನಿಂತುಬಿಡುತ್ತದೆ. ತೆರೆ ಜೋಡಿಸಿ ನೋಡಿದರೆ ಒಂದೂವರೆ ನಿಮಿಷದ ಎಣಿಕೆ ಓಡುತ್ತಿರುವುದು ಕಾಣುತ್ತದೆ. ತಡ ಹೆಚ್ಚುಕಡಿಮೆ 90 ಸೆಕೆಂಡೇ ಇದ್ದರೆ ಮೊದಲ ಸಂಶಯ ಇದರ ಮೇಲಿರಲಿ. ಕಡತದ ಪ್ರತಿ ತೆಗೆದಿಟ್ಟು ಆ ಸಾಲನ್ನು ಅಳಿಸಿರಿ. ಡ್ರೈವು ಬೇಕೇ ಬೇಕೆಂದಿದ್ದರೆ ಆ ಸಾಲಿಗೆ ನೋಫೇಲ್ ಎಂಬ ಶಬ್ದ ಸೇರಿಸಿರಿ. ಆಗ ಡ್ರೈವು ಇರಲಿ ಬಿಡಲಿ, ಯಂತ್ರ ಅದಕ್ಕಾಗಿ ನಿಲ್ಲುವುದಿಲ್ಲ.

ಎರಡು, ಇಂಟರ್ನೆಟ್ಟಿಗಾಗಿ ಕಾಯುವುದು. ಹೆಸರಿನ ಕೊನೆಯಲ್ಲಿ ವೇಟ್-ಆನ್‌ಲೈನ್ ಎಂದಿರುವ ಸೇವೆಯೊಂದಿದೆ. ನೆಟ್ ಸಿಗುವವರೆಗೆ, ಸಾಮಾನ್ಯವಾಗಿ ಒಂದು ನಿಮಿಷದಿಂದ ಎರಡು ನಿಮಿಷದವರೆಗೆ, ಅದು ಉಳಿದವರನ್ನು ತಡೆಯಬಲ್ಲದು. ಹೊಳೆಯ ದಂಡೆಯ ಪಂಪಿನ ಮನೆಯಲ್ಲಿ ಸಿಗ್ನಲ್ ಎಲ್ಲಿಂದ ಬರಬೇಕು? ವಾಲ್ವು ತೆರೆಯಲು ಇಂಟರ್ನೆಟ್ಟಿನ ಅವಶ್ಯಕತೆಯಿಲ್ಲ. ನೀರಿನ ವೇಳಾಪತ್ರಿಕೆ ಹಲಗೆಯಲ್ಲಿಯೇ ಇರಬೇಕು. ವಾಲ್ವಿನ ಕಾರ್ಯಕ್ರಮ ಈ ಸೇವೆಯ ಹಿಂದೆ ಕಾಯದಂತೆ ಮಾಡಿರಿ. ಮೊಬೈಲಿಗೆ ಸಂದೇಶ ಕಳಿಸುವ ಭಾಗ ಬೇಕಾದರೆ ನೆಟ್ ಬಂದ ಮೇಲೆ ಏಳಲಿ.

ಮೂರು, ಡೆಸ್ಕ್‌ಟಾಪಿನ ಹಿಂದೆ ನಿಲ್ಲುವುದು. ಚಿತ್ರಗಳ ತೆರೆ ಪೂರ್ತಿ ಬಂದ ಮೇಲೆ ವಾಲ್ವಿನ ಕಾರ್ಯಕ್ರಮ ಏಳುವಂತೆ ಕೆಲವರು ಮಾಡಿರುತ್ತಾರೆ. ಪಂಪಿನ ಮನೆಯಲ್ಲಿ ತೆರೆ ನೋಡುವವರಿಲ್ಲ. ಡೆಸ್ಕ್‌ಟಾಪ್ ಇಲ್ಲದ ಲೈಟ್ ಆವೃತ್ತಿಯನ್ನೇ ಹಾಕಿರಿ. ವಾಲ್ವಿನ ಕಾರ್ಯಕ್ರಮವನ್ನು ಸಿಸ್ಟಮ್‌ಡಿಯ ಸೇವೆಯಾಗಿ ನೋಂದಾಯಿಸಿರಿ. ಪ್ರಿಂಟರಿನ ಸೇವೆ, ಬ್ಲೂಟೂತಿನ ಸೇವೆ ಬೇಡವಾಗಿದ್ದರೆ ನಿಲ್ಲಿಸಬಹುದು.

ನಾಲ್ಕು, ವೋಲ್ಟೇಜು. ವೋಲ್ಟೇಜು ಬಿದ್ದಾಗ ಮೋಟಾರು ಗುಂಯ್ಗುಡುವುದು ತಮಗೆ ಗೊತ್ತು. ಈ ಹಲಗೆ ಗುಂಯ್ಗುಡುವುದಿಲ್ಲ. ತನ್ನ ವೇಗ ತಗ್ಗಿಸಿಕೊಂಡು ಸುಮ್ಮನೆ ನಿಧಾನವಾಗುತ್ತದೆ. ರಾಸ್ಪ್‌ಬೆರಿ ಪೈಗೆ 5 ವೋಲ್ಟಿನ ಆಸುಪಾಸು ಬೇಕು. ಸುಮಾರು 4.63 ವೋಲ್ಟಿಗಿಂತ ಕೆಳಗಿಳಿದರೆ ಅದು ಎಚ್ಚರಿಕೆ ಬರೆದಿಡುತ್ತದೆ. ತೆರೆಯಿದ್ದರೆ ಮಿಂಚಿನ ಗುರುತು ಕಾಣುತ್ತದೆ. ನಾಲ್ಕನೆಯ ಮಾದರಿಗೆ 3 ಆಂಪಿಯರ್ ಕೊಡಬಲ್ಲ ಅಡಾಪ್ಟರ್ ಬೇಕು. ಹಳೆಯ ಮೊಬೈಲಿನ ಚಾರ್ಜರು, ಉದ್ದನೆಯ ತೆಳ್ಳಗಿನ ಕೇಬಲ್ಲು ಇಲ್ಲಿ ನಡೆಯುವುದಿಲ್ಲ. ವಿಸಿಜೆನ್‌ಸಿಎಂಡಿ ಗೆಟ್‌-ಥ್ರಾಟಲ್ಡ್ ಎಂಬ ಆಜ್ಞೆ ಕೊಟ್ಟು ನೋಡಿರಿ. ಎರಡು ಶಬ್ದಗಳ ನಡುವೆ ಕೆಳಗೆರೆ ಬರುತ್ತದೆ. ಉತ್ತರ ಸೊನ್ನೆಯಾದರೆ ಕ್ಷೇಮ. 50000 ಎಂದು ಬಂದರೆ, ಚಾಲೂ ಆದಾಗಿನಿಂದ ಯಾವಾಗಲೋ ವೋಲ್ಟೇಜು ಬಿದ್ದು ವೇಗ ತಗ್ಗಿತ್ತು. 50005 ಎಂದರೆ ಈ ಕ್ಷಣದಲ್ಲಿಯೂ ಹಾಗೆಯೇ ಇದೆ. ವೋಲ್ಟೇಜು ಸರಿಯಿಲ್ಲದಾಗ ಬೇರೆ ಯಾವ ಅಳತೆಗೂ ಬೆಲೆಯಿಲ್ಲ. ಆದುದರಿಂದ ಈ ತಪಾಸಣೆಯನ್ನು ಎಲ್ಲಕ್ಕಿಂತ ಮೊದಲು ಮುಗಿಸಿರಿ.

ಐದು, ಮೆಮರಿ ಕಾರ್ಡು. ಕಾರ್ಡಿನ ಮೇಲೆ 10 ಎಂದು ಬರೆದ ದರ್ಜೆ ಒಂದೇ ಸಮನೆ ಬರೆಯುವ ವೇಗವನ್ನಷ್ಟೇ ಹೇಳುತ್ತದೆ. ಫೋಟೋ, ವಿಡಿಯೋಗಳಿಗೆ ಅದು ಸರಿ. ಲಿನಕ್ಸ್ ಏಳುವಾಗ ಸಾವಿರಾರು ಸಣ್ಣ ತುಣುಕುಗಳನ್ನು ಅಲ್ಲೊಂದು ಇಲ್ಲೊಂದು ಓದುತ್ತದೆ. ಅದಕ್ಕೆ ಎ1 ಅಥವಾ ಎ2 ಗುರುತಿನ ಕಾರ್ಡು ಬೇಕು. ಎ1 ಎಂದರೆ ಸೆಕೆಂಡಿಗೆ ಕನಿಷ್ಠ 1500 ಸಣ್ಣ ಓದು, 500 ಸಣ್ಣ ಬರಹ ಎಂಬ ನಿಯಮ. ಸಂಶಯ ಪರಿಹಾರಕ್ಕೆ ಸುಲಭ ಉಪಾಯವಿದೆ. ಇದ್ದ ಕಾರ್ಡನ್ನು ಯಥಾಪ್ರತಿಯಾಗಿ ಒಳ್ಳೆಯ ಕಾರ್ಡಿಗೆ ನಕಲು ಮಾಡಿ, ಅದನ್ನು ಹಾಕಿ ಮತ್ತೆ ಗಡಿಯಾರ ಹಿಡಿಯಿರಿ. ವೇಳೆ ಅರ್ಧಕ್ಕಿಳಿದರೆ ರೋಗ ಕಾರ್ಡಿನದು. ಇಳಿಯದಿದ್ದರೂ ನಷ್ಟವಿಲ್ಲ, ಕೈಯಲ್ಲಿ ಒಂದು ಆಪತ್ಕಾಲದ ಪ್ರತಿ ಉಳಿಯಿತು.

ಆರು, ಕರೆಂಟು ಹೋದ ಮೇಲಿನ ತಪಾಸಣೆ. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಕಾರ್ಡಿನ ಲೆಕ್ಕ ಅರ್ಧಕ್ಕೆ ನಿಲ್ಲುತ್ತದೆ. ಮರುಸಲ ಏಳುವಾಗ ಯಂತ್ರ ಆ ಲೆಕ್ಕವನ್ನು ತಾಳೆ ನೋಡಿ ಸರಿಪಡಿಸುತ್ತದೆ. ಆ ತಪಾಸಣೆಗೂ ಹೊತ್ತು ಹಿಡಿಯುತ್ತದೆ. ಕೆಲವು ಸೆಕೆಂಡು ಉಳಿಸಲು ಈ ತಪಾಸಣೆಯನ್ನೇ ನಿಲ್ಲಿಸಿಬಿಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿರಿ. ಅದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ. ಕಾರ್ಡಿಗೆ ಬರೆಯುವುದನ್ನೇ ಕಡಿಮೆ ಮಾಡುವುದು ಸರಿಯಾದ ಉಪಾಯ. ಮೂಲ ವ್ಯವಸ್ಥೆಯನ್ನು ಓದಲು ಮಾತ್ರ ತೆರೆದಿಡುವ ಓವರ್‌ಲೇ ಎಂಬ ಏರ್ಪಾಡು ರಾಸ್ಪಿ-ಕಾನ್ಫಿಗ್‌ನಲ್ಲಿಯೇ ಇದೆ. ಅದನ್ನು ಹಚ್ಚಿದ ಮೇಲೆ ಮಾಡಿದ ಬದಲಾವಣೆಗಳು ಕರೆಂಟು ಹೋದರೆ ಉಳಿಯುವುದಿಲ್ಲ. ವೇಳಾಪತ್ರಿಕೆ ತಿದ್ದುವಾಗ ಅದನ್ನು ತೆಗೆದು, ತಿದ್ದಿ, ಮತ್ತೆ ಹಚ್ಚಬೇಕು.

ಗಡಿಯಾರದ ಮೋಸ

ಇನ್ನೊಂದು ಮಾತಿನ ಕಡೆಗೆ ತಮ್ಮ ಲಕ್ಷ್ಯ ಸೆಳೆಯುತ್ತೇನೆ. ಇದು ತಡಕ್ಕಿಂತ ಅಪಾಯದ್ದು. ನಾಲ್ಕನೆಯ ಮಾದರಿಯವರೆಗಿನ ಈ ಹಲಗೆಗಳಲ್ಲಿ, ಕರೆಂಟಿಲ್ಲದಾಗಲೂ ಓಡುವ ಗಡಿಯಾರ ಇಲ್ಲ. ಐದನೆಯ ಮಾದರಿಯಲ್ಲಿ ಇದೆ, ಆದರೆ ಅದರ ಬ್ಯಾಟರಿಯನ್ನು ಬೇರೆ ಕೊಂಡು ಜೋಡಿಸಬೇಕು. ಗಡಿಯಾರವಿಲ್ಲದ ಹಲಗೆ ತಾನು ಕೊನೆಗೆ ಉಳಿಸಿಟ್ಟ ವೇಳೆಯಿಂದ ಎಣಿಕೆ ಮುಂದುವರಿಸುತ್ತದೆ. ಹದಿನಾರು ತಾಸು ಕರೆಂಟು ಹೋಗಿ ಬಂದರೆ, ನೆಟ್ ಸಿಗುವವರೆಗೆ ಅದು ಹದಿನಾರು ತಾಸು ಹಿಂದಿನ ಲೋಕದಲ್ಲಿಯೇ ಇರುತ್ತದೆ. ರಾತ್ರಿಯ ಪಾಳಿಯ ನೀರು ಯಾವ ಪಟ್ಟಿಗೆ ಹೋಗಬೇಕೋ ಅಲ್ಲಿಗೆ ಹೋಗುವುದಿಲ್ಲ. ಕೆಲವು ಕಾರ್ಯಕ್ರಮಗಳು ಸರಿಯಾದ ವೇಳೆ ಸಿಗುವವರೆಗೆ ಏಳದೆಯೇ ಕಾಯುತ್ತವೆ. ಅದನ್ನೂ ನಾವು "ತಡ" ಎನ್ನುತ್ತೇವೆ. ಗುಂಡಿ ಸೆಲ್ಲಿನ ಮೇಲೆ ನಡೆಯುವ ಡಿಎಸ್3231 ಎಂಬ ಗಡಿಯಾರದ ಚಿಕ್ಕ ಹಲಗೆಯೊಂದನ್ನು ಜೋಡಿಸಿದರೆ ಈ ಎರಡೂ ತೊಂದರೆ ನೀಗುತ್ತವೆ.

ಆರದ ಒಲೆ

ಬಾಯ್ಲರನ್ನು ದಿನವೂ ಆರಿಸಿ ದಿನವೂ ಹೊತ್ತಿಸಿದರೆ ಹಂಗಾಮು ನಡೆದೀತೇ? ಹಲಗೆಯನ್ನೂ ಪ್ರತಿ ಪಾಳಿಗೆ ಆರಗೊಡಬಾರದು. ಅದಕ್ಕೆ ಬೇಕಾಗುವ ಶಕ್ತಿ ಅಲ್ಪ. 12 ವೋಲ್ಟಿನ 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 84 ವಾಟ್-ಅವರ್ ಇರುತ್ತದೆ. ಹಲಗೆ 4 ವಾಟು ತಿಂದರೆ ಲೆಕ್ಕಕ್ಕೆ 21 ತಾಸು. ಬ್ಯಾಟರಿ ಪೂರ್ತಿ ಬರಿದಾಗಬಾರದು, ಪರಿವರ್ತಕದಲ್ಲಿಯೂ ನಷ್ಟವಿದೆ, ಆದುದರಿಂದ ಅರ್ಧವೆಂದು ಹಿಡಿಯಿರಿ. ಹತ್ತು ತಾಸು ನಿಶ್ಚಿಂತೆ. ಬ್ಯಾಟರಿ ಇಳಿಯುತ್ತ ಬಂದಾಗ ಹಲಗೆಗೆ ಸೂಚನೆ ಕೊಟ್ಟು ಕ್ರಮವಾಗಿ ಆರಿಸುವ ಏರ್ಪಾಡಿದ್ದರೆ ಇನ್ನೂ ಒಳ್ಳೆಯದು. ಕಾರ್ಡಿನ ಆಯುಷ್ಯ ಹೆಚ್ಚುತ್ತದೆ, ತಡದ ಪ್ರಶ್ನೆ ಅಪರೂಪವಾಗುತ್ತದೆ.

ಕೊನೆಯ ಸೂಚನೆ

ಮೇಲೆ ಹೇಳಿದ ದುರುಸ್ತಿಗಳನ್ನು ಒಂದೇ ದಿನ ಒಟ್ಟಿಗೆ ಮಾಡಬೇಡಿರಿ. ಒಂದು ಬದಲಾವಣೆ ಮಾಡಿರಿ, ಯಂತ್ರ ಆರಿಸಿ ಹಚ್ಚಿರಿ, ವೇಳೆ ಬರೆಯಿರಿ, ಆಮೇಲೆ ಮುಂದಿನದಕ್ಕೆ ಹೋಗಿರಿ. ಯೂರಿಯಾ, ಪೊಟ್ಯಾಷು, ಹೊಸ ತಳಿ ಮೂರನ್ನೂ ಒಂದೇ ವರ್ಷ ಒಂದೇ ಪಟ್ಟಿಗೆ ಹಾಕಿದರೆ ಯಾವುದರಿಂದ ಟನ್ನು ಏರಿತು ಎಂದು ಯಾರು ಹೇಳಬಲ್ಲರು? ಹೆಸರು ತಿಳಿಯದ ಸೇವೆಯನ್ನು ನಿಲ್ಲಿಸಬೇಡಿರಿ. ಏನು ಬದಲಿಸಿದಿರೋ ಅದನ್ನು ವಹಿಯಲ್ಲಿ ಬರೆದಿಡಿರಿ. ಹುಡುಗ ನೌಕರಿಗೆಂದು ಪುಣೆಗೆ ಹೋದರೂ ಆ ವಹಿ ನೋಡಿ ಇನ್ನೊಬ್ಬರು ದುರುಸ್ತಿ ಮಾಡುವಂತಿರಬೇಕು.

ವೋಲ್ಟೇಜು, ಕಾರ್ಡು, ಎರಡು ಪಟ್ಟಿ, ಎಫ್‌ಎಸ್‌ಟ್ಯಾಬಿನ ಸಾಲು ಇಷ್ಟನ್ನೂ ನೋಡಿದ ಮೇಲೂ ತಡ ಉಳಿದರೆ ಆಗ ಹೊಸ ಹಲಗೆಯ ಮಾತಾಡೋಣ. ಅಲ್ಲಿಯವರೆಗೆ ಅಂಗಡಿಯ ದಾರಿ ಹಿಡಿಯುವ ಅಗತ್ಯವಿಲ್ಲ. ಯಂತ್ರ ತಾನು ಎಲ್ಲಿ ನಿಂತೆನೆಂದು ತಾನೇ ಹೇಳುತ್ತದೆ; ಕೇಳುವ ತಾಳ್ಮೆ ಮತ್ತು ಬರೆದಿಡುವ ಶಿಸ್ತು ನಮ್ಮಲ್ಲಿರಬೇಕು. ಈ ವಾರವೇ ಒಂದು ಹಗಲಿನ ಪಾಳಿ ನೋಡಿಕೊಂಡು, ಮನೆಯ ಹುಡುಗನನ್ನೋ ಹುಡುಗಿಯನ್ನೋ ಜೊತೆಗೆ ಕರೆದುಕೊಂಡು ಪಂಪಿನ ಮನೆಗೆ ಹೋಗಿರಿ, ಮೊದಲ ಮೂರು ಅಂಕಿಗಳನ್ನು ಬರೆದುಕೊಂಡು ಬನ್ನಿರಿ ಎಂದು ವಿನಂತಿಸಿ ನನ್ನ ಮಾತು ಮುಗಿಸುತ್ತೇನೆ.